ಹುಳುವಿಲ್ಲದ ಅವರೆಕಾಯಿ

ಮುನಿಮಹಾರಾಜರಿಗೆ ಆಹಾರದಾನ ಮಾಡುವ ಶ್ರಾವಕನು ತನ್ನ ಮನ, ವಚನ, ಕಾಯಗಳೂ ತಾನು ನೀಡುವ ಆಹಾರವೂ ಶುದ್ಧವೆಂದು ಮೊದಲು ಬಾಯಿಬಿಟ್ಟು ನುಡಿಯಬೇಕಷ್ಟೆ. ನೀರನ್ನು ಸೋಸಿದ್ದೇವೆ, ಧಾನ್ಯವನ್ನು ಆರಿಸಿದ್ದೇವೆ ಎಂಬ ಧೈರ್ಯದಿಂದಲೇ ನಾವು ಆ ಮಾತನ್ನಾಡುತ್ತ ಬಂದಿದ್ದೇವೆ. ಈಚೆಗೆ ಆ ನಾಲ್ಕನೆಯ ಶುದ್ಧಿಯನ್ನು ಹೇಳುವಾಗ ನನ್ನ ನಾಲಿಗೆ ತಡೆಯುತ್ತದೆ.

ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿಯ ತಳಿಯೊಂದಕ್ಕೆ ಹೆಸರು ಕೊಟ್ಟ ಊರು. ಆ ಕಡೆಯ ರೈತರೊಬ್ಬರು ಚಳಿಗಾಲದಲ್ಲಿ ನಮ್ಮ ಬೀದಿಗೆ ಅವರೆಕಾಯಿ ತರುತ್ತಾರೆ. ಹಿಂದೆ ಮೊರದ ಮುಂದೆ ಕುಳಿತು ಸುಲಿಯುವಾಗ ನಾಲ್ಕಾರು ಕಾಯಿಗೊಂದು ಹಸಿರು ಹುಳು ಹೊರಬರುತ್ತಿತ್ತು. ನಮ್ಮ ತಾಯಿಯವರು ಅದನ್ನು ಎಲೆಯ ಮೇಲೆತ್ತಿಕೊಂಡು ಹಿತ್ತಲಿನ ಗಿಡಕ್ಕೆ ಬಿಟ್ಟುಬರುತ್ತಿದ್ದರು. ಹೋದ ಪುಷ್ಯಮಾಸದಲ್ಲಿ ಎರಡು ಮೊರ ಸುಲಿದರೂ ಒಂದೇ ಒಂದು ಹುಳುವು ಕಾಣಲಿಲ್ಲ. ಮನೆಯವರೆಲ್ಲ ಸಂತೋಷಪಟ್ಟರು. ನಾನು ವಿಚಾರಿಸಿದಾಗ ಆ ರೈತರು, “ಮೂರ್ ಸಲ ಔಸ್ದಿ ಹೊಡ್ದಿವ್ನಿ ಸ್ವಾಮಿ. ಹುಳ ಇದ್ರೆ ನಿಮ್ಮೋರೇ ಮೊದ್ಲು ಬ್ಯಾಡ ಅಂತಾರಲ್ಲ” ಎಂದರು. (ವಿಷಕ್ಕೆ ಔಷಧಿಯೆಂಬ ಹೆಸರು ಹೇಗೆ ಬಂದಿತೋ!)

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ತ್ರಸಜೀವಿಗಳು ಸೇರಿದ ಪದಾರ್ಥವನ್ನು ತ್ಯಜಿಸುವ ನಮ್ಮ ನಿಯಮವೇ ಹೊಲದಲ್ಲಿ ಆ ಜೀವಗಳ ಸಂಹಾರಕ್ಕೆ ನಿಮಿತ್ತವಾಯಿತೆ? ಹಿಂಸೆಯು ಕೃತ, ಕಾರಿತ, ಅನುಮೋದನೆಗಳೆಂದು ಮೂರು ಬಗೆ. ಕೃತವು ನನ್ನದಲ್ಲ. ಸಿಂಪಡಿಸೆಂದು ನಾನು ಹೇಳಲೂ ಇಲ್ಲ. ಆದರೆ ಹುಳುವಿಲ್ಲದ್ದನ್ನೇ ಆರಿಸಿ ಹಣ ಕೊಟ್ಟೆ. ಅನುಮೋದನೆಯಂತೂ ಮನೆಯವರ ಆ ಸಂತೋಷದಲ್ಲಿಯೇ ಇದ್ದಿತು. ವಿಷ, ಶಸ್ತ್ರ ಮೊದಲಾದ ಹಿಂಸೆಯ ಉಪಕರಣಗಳನ್ನು ಪರರಿಗೆ ಕೊಡುವುದನ್ನು ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹಿಂಸಾದಾನವೆಂದು ಹೆಸರಿಸಿ ಅನರ್ಥದಂಡಗಳಲ್ಲಿ ಎಣಿಸಿದ್ದಾರೆ. ನಾನು ಕೊಟ್ಟದ್ದು ವಿಷವಲ್ಲ, ವಿಷದ ಬೆಲೆ. ಸಾಲ ಮಾಡಿ ಬೆಳೆಯಿಟ್ಟವರದು ಉದ್ಯೋಗೀ ಹಿಂಸೆಯೆಂದು ಹೇಳಬಹುದು. ಕೊಳ್ಳುವ ನನಗೆ ಆ ಆಸರೆಯೂ ಇಲ್ಲ.

ಸರ್ಕಾರದ ಕಾಯಿದೆಯಿದೆಯಲ್ಲ ಎನ್ನುವವರುಂಟು. ಇದೆ. 1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಸೋಂಕಿದ ಆಹಾರದಿಂದ ನೂರಕ್ಕೂ ಹೆಚ್ಚು ಜನ ಮಡಿದ ಮೇಲೆ, 1968ರಲ್ಲಿ ಕೀಟನಾಶಕ ಕಾಯಿದೆ ಬಂದಿತು. ಡಬ್ಬಿಯ ಮೇಲೆ ವಿಷದ ಉಗ್ರತೆಯನ್ನು ತೋರುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಿವೆ. ಸಿಂಪಡಿಸಿದ ಎಷ್ಟು ದಿನಗಳ ಮೇಲೆ ಕೊಯ್ಯಬೇಕೆಂಬ ಸೂಚನೆಯಿದೆ. ಮಾನೋಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲಿಯೇ ಆಜ್ಞೆಯಾಯಿತು. 2006ರ ಆಹಾರ ಸುರಕ್ಷತಾ ಕಾಯಿದೆಯ ಅಡಿಯಲ್ಲಿ ಉಳಿಕೆ ವಿಷಕ್ಕೆ ಮಿತಿಯನ್ನೂ ಗೊತ್ತುಮಾಡಿದ್ದಾರೆ. ಆದರೆ ಉಣ್ಣುವವನ ದೇಹ ಎಷ್ಟು ತಾಳೀತೆಂಬುದೇ ಆ ಮಿತಿಯ ಅಳತೆ. ಸತ್ತ ಹುಳುವಿನ ಲೆಕ್ಕ ಅದರಲ್ಲಿ ಬರುವುದಿಲ್ಲ, ಬರಬೇಕಾದುದೂ ಇಲ್ಲ. ಅದು ವ್ರತದ ಲೆಕ್ಕ.

ಮನುಷ್ಯರ ವಿಷಯದಲ್ಲಿಯೂ ಆ ಲೆಕ್ಕ ತಡವಾದದ್ದುಂಟು. ಕಾಸರಗೋಡಿನ ಪಡ್ರೆಯ ಗುಡ್ಡಗಳ ಗೇರುತೋಪುಗಳಿಗೆ 2000ದ ವರೆಗೆ, ಇಪ್ಪತ್ತಕ್ಕೂ ಹೆಚ್ಚು ವರ್ಷ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ನಮ್ಮ ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡದ ಕಡೆಯೂ ಸಿಂಪಡಿಸಿದರು. ಎರಡೂ ಕಡೆ ಏಳಲಾರದ, ನುಡಿಯಲಾರದ ಮಕ್ಕಳನ್ನು ತಾಯಂದಿರು ಇಂದಿಗೂ ಎತ್ತಿಕೊಂಡೇ ಸಲಹುತ್ತಿದ್ದಾರೆ. ಸರ್ವೋಚ್ಚ ನ್ಯಾಯಾಲಯವು ದೇಶಾದ್ಯಂತ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಅಲ್ಲಿಯೂ ಕೊಲ್ಲಹೊರಟದ್ದು ಚಿಗುರು ಹೀರುವ ಒಂದು ಸಣ್ಣ ಕೀಟವನ್ನು.

ಹಾಗಾದರೆ ಅವರೆಕಾಯಿಯನ್ನೇ ಬಿಡಬೇಕೆ? ಬಿಡುವುದು ಸುಲಭ. ಆದರೆ ನಾನು ಬಿಟ್ಟುದು ಇನ್ನೊಬ್ಬರ ಮನೆಗೆ ಹೋಗುವುದೇ ಹೊರತು ಹೊಲದಲ್ಲಿ ಒಂದು ಹುಳುವೂ ಉಳಿಯದು. ಹುಳು ಕೊರೆದ ಕಾಯಿಯನ್ನು ಉಣ್ಣಬೇಕೆಂದು ಹೇಳುತ್ತಿಲ್ಲ, ನಿಯಮ ಸಡಿಲವಾಗಕೂಡದು. ಬದಿಗಿಟ್ಟ ಕಾಯಿಯ ನಷ್ಟ ಮಾತ್ರ ವ್ರತ ಹಿಡಿದ ನಮ್ಮದಾಗಬೇಕು, ಬೆಳೆದವರದಲ್ಲ. ಹತ್ತು ಸಾಲು ಅವರೆಗೆ ಏನೂ ಹೊಡೆಯದೆ ಬಿಡಿ, ಕೊಳೆತದ್ದು ಕೊರೆದದ್ದು ಎಲ್ಲಕ್ಕೂ ಪೂರ್ತಿ ಬೆಲೆ ಕೊಡುತ್ತೇನೆಂದು ಆ ರೈತರಿಗೆ ಹೇಳಿದ್ದೇನೆ. ಅವರು ನಕ್ಕರು, ಆಮೇಲೆ ಒಪ್ಪಿದರು. ಈ ಸಲ ಸುಲಿಯುವುದಕ್ಕೆ ಇನ್ನಿಬ್ಬರು ಜೊತೆಗೆ ಕೂರಬೇಕಾದೀತೆಂದು ಮನೆಯಾಕೆ ಈಗಲೇ ಎಚ್ಚರಿಸಿದ್ದಾರೆ. ಅವರಲ್ಲಿ ಒಬ್ಬನು ನಾನು.