ಆಡದಿರುವುದರ ಧರ್ಮ

2024ರ ಜನವರಿ 27ರಂದು ಮೆಲ್ಬರ್ನ್‌ನಲ್ಲಿ ರೋಹನ್ ಬೋಪಣ್ಣ ಮತ್ತು ಅವರ ಜೊತೆಗಾರ ಮ್ಯಾಥ್ಯೂ ಎಬ್ಡೆನ್ ಆಸ್ಟ್ರೇಲಿಯನ್ ಓಪನ್‌ನ ಪುರುಷರ ಡಬಲ್ಸ್ ಪ್ರಶಸ್ತಿ ಗೆದ್ದರು. ಕೊಡಗಿನ ಕಾಫಿ ಬೆಳೆಗಾರರ ಮನೆಯಿಂದ ಬಂದ ಬೋಪಣ್ಣನವರಿಗೆ ಆಗ 43 ವರ್ಷ ತುಂಬಿ 44 ಹತ್ತಿರವಾಗಿತ್ತು. ಎರಡೇ ದಿನಗಳಲ್ಲಿ ಅವರು ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದರು. ಆ ಸ್ಥಾನವನ್ನು ಮೊದಲ ಸಲ ಮುಟ್ಟುವಾಗ ಅಷ್ಟು ವಯಸ್ಸಾಗಿದ್ದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ನಾಡೆಲ್ಲ ಅವರ ಛಲವನ್ನು, ದುಡಿಮೆಯನ್ನು ಕೊಂಡಾಡಿತು. ಹಾಗೆ ಕೊಂಡಾಡಿದ್ದು ಸರಿಯೇ. ಆದರೆ ಅದು ಅರ್ಧ ಮಾತ್ರ ಎಂಬುದು ನನ್ನ ವಾದ. ವಯಸ್ಸಾದ ಆಟಗಾರ ದೊಡ್ಡ ಟೂರ್ನಿಗೆ ಮೊದಲು ಏನು ಮಾಡುತ್ತಾನೆ ಎಂಬುದರಷ್ಟೇ ಏನನ್ನು ಮಾಡದೆ ಬಿಡುತ್ತಾನೆ ಎಂಬುದೂ ಮುಖ್ಯ. ಅಲ್ಲಿಂದ ಹುಟ್ಟುವ ಪ್ರಶ್ನೆ ಟೆನಿಸ್ ಅಂಗಳವನ್ನು ದಾಟಿ ನಮ್ಮೆಲ್ಲರ ಬದುಕಿಗೆ ತಾಗುತ್ತದೆ. ಮುಂದಿನ ದೊಡ್ಡ ಕೆಲಸಕ್ಕಾಗಿ ಇವತ್ತಿನ ಕೆಲಸವನ್ನು ಬಿಡುವುದು ಧರ್ಮವೇ, ಇಲ್ಲವೇ ಧರ್ಮದಿಂದ ನುಣುಚಿಕೊಳ್ಳುವುದೇ?

ಮೊದಲು ಹಿರಿಯ ಆಟಗಾರರು ನಿಜಕ್ಕೂ ಏನು ಮಾಡುತ್ತಾರೆ ಎಂಬುದನ್ನು ನೋಡಬೇಕು. ಟೆನಿಸ್‌ನ ವರ್ಷ ಜನವರಿಯಲ್ಲಿ ಶುರುವಾಗಿ ನವೆಂಬರ್‌ವರೆಗೆ ಸಾಗುತ್ತದೆ. ಹೆಚ್ಚುಕಡಿಮೆ ಪ್ರತಿ ವಾರವೂ ಎಲ್ಲೋ ಒಂದು ಕಡೆ ಟೂರ್ನಿ ಇದ್ದೇ ಇರುತ್ತದೆ. ಎಲ್ಲವನ್ನೂ ಆಡಿ ಉಳಿಯುವ ದೇಹ ಯಾರಿಗೂ ಇಲ್ಲ. ಪುರುಷರ ವೃತ್ತಿಪರ ಸಂಘಟನೆಯಾದ ಎಟಿಪಿ ಇದನ್ನು ತನ್ನ ನಿಯಮಗಳಲ್ಲೇ ಒಪ್ಪಿಕೊಂಡಿದೆ. 31 ವರ್ಷ ವಯಸ್ಸು, 12 ವರ್ಷಗಳ ಸೇವೆ, 600 ಪಂದ್ಯಗಳು ಎಂಬ ಮೂರು ಮೈಲಿಗಲ್ಲುಗಳಲ್ಲಿ ಒಂದೊಂದನ್ನು ದಾಟಿದಂತೆ ಆಟಗಾರನ ಮೇಲಿನ ಕಡ್ಡಾಯ ಟೂರ್ನಿಗಳ ಹೊರೆ ಇಳಿಯುತ್ತದೆ. ರೋಜರ್ ಫೆಡರರ್ 2016ರ ವಿಂಬಲ್ಡನ್ ಮುಗಿದ ಮೇಲೆ ಆರು ತಿಂಗಳು ಆಟವನ್ನೇ ನಿಲ್ಲಿಸಿದರು. 2017ರ ಜನವರಿಯಲ್ಲಿ, 35ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಗೆದ್ದರು. ಆಮೇಲೆ ಫ್ರೆಂಚ್ ಓಪನ್ ಸೇರಿದಂತೆ ಮಣ್ಣಿನ ಅಂಗಳದ ಇಡೀ ಋತುವನ್ನು ಬಿಟ್ಟು, ಅದೇ ಜುಲೈನಲ್ಲಿ ಒಂದೂ ಸೆಟ್ ಸೋಲದೆ ವಿಂಬಲ್ಡನ್ ಗೆದ್ದರು. ಆದರೆ ಬಿಡುವುದೊಂದೇ ದಾರಿಯಲ್ಲ. 2025ರಲ್ಲಿ ನೊವಾಕ್ ಜೊಕೊವಿಚ್ ಮಾಂಟೆ ಕಾರ್ಲೊ, ಮ್ಯಾಡ್ರಿಡ್ ಎರಡರಲ್ಲೂ ಮೊದಲ ಪಂದ್ಯದಲ್ಲೇ ಸೋತರು. ಅವರಿಗೆ ಬೇಕಿದ್ದದ್ದು ಪಂದ್ಯಗಳು. ಹಾಗಾಗಿ ರೋಮ್ ಬಿಟ್ಟರೂ, ಫ್ರೆಂಚ್ ಓಪನ್‌ಗೆ ಮುಂಚಿನ ವಾರವೇ ಜಿನೀವಾದಂಥ ಚಿಕ್ಕ ಟೂರ್ನಿಗೆ ಹೋಗಿ ತಮ್ಮ ನೂರನೇ ಪ್ರಶಸ್ತಿ ಗೆದ್ದರು. ಬೋಪಣ್ಣ ಕೂಡ ಮೆಲ್ಬರ್ನ್‌ಗೆ ಮೊದಲು ಅಡಿಲೇಡ್‌ನಲ್ಲಿ ಆಡಿ, ಫೈನಲ್‌ನಲ್ಲಿ ಸೋತು ಬಂದಿದ್ದರು. ಅಂದರೆ ಹಿರಿಯರ ಜಾಣ್ಮೆ ಸುಮ್ಮನೆ ಕೂರುವುದರಲ್ಲಿಲ್ಲ. ಈಗ ದೇಹಕ್ಕೆ ಬೇಕಾದದ್ದು ಪಂದ್ಯವೋ ವಿಶ್ರಾಂತಿಯೋ ಎಂದು ಪಕ್ಷಪಾತವಿಲ್ಲದೆ ತೂಗಿ ನೋಡುವುದರಲ್ಲಿದೆ.

ಈ ತೂಗುವಿಕೆ ನಮ್ಮ ಧಾರ್ಮಿಕ ಬದುಕಿಗೆ ಹೊಸದಲ್ಲ. ಸಕಲೇಶಪುರ, ಆಲೂರು ಸೀಮೆಯ ಊರುಗಳಲ್ಲಿ ಸುಗ್ಗಿ ಹಬ್ಬಕ್ಕೆ ಮೊದಲು ಸಾರು ಹಾಕುತ್ತಾರೆ, ಅಂದರೆ ಹಬ್ಬದ ಕಟ್ಟನ್ನು ಊರಿಗೆಲ್ಲ ಸಾರುತ್ತಾರೆ. ಅಂದಿನಿಂದ ಹಬ್ಬ ಮುಗಿಯುವವರೆಗೆ ಹಸಿ ಮರ ಕಡಿಯಬಾರದು, ಒಗ್ಗರಣೆ ಹಾಕಬಾರದು ಎಂಬಂಥ ಕಟ್ಟುಪಾಡುಗಳು ಊರಿಗೊಂದು ರೀತಿಯಲ್ಲಿ ಜಾರಿಯಲ್ಲಿರುತ್ತವೆ. ಈ ದಿನಗಳನ್ನು ಯಾರೂ ಸೋಮಾರಿತನ ಎನ್ನುವುದಿಲ್ಲ. ಹಬ್ಬ ಶುರುವಾಗುವುದೇ ಆ ಕಟ್ಟಿನಿಂದ. ಯೋಗಶಾಸ್ತ್ರವೂ ಇದೇ ಮಾತನ್ನು ಇನ್ನೊಂದು ನೆಲೆಯಲ್ಲಿ ಹೇಳುತ್ತದೆ. ಮನಸ್ಸಿನ ಓಟ ಹಿಡಿತಕ್ಕೆ ಬರಲು ಪತಂಜಲಿ ಹೇಳುವುದು ಅಭ್ಯಾಸವನ್ನಷ್ಟೇ ಅಲ್ಲ, ಅಭ್ಯಾಸ ಮತ್ತು ವೈರಾಗ್ಯ ಎರಡನ್ನೂ. ಆಸನ ಸಿದ್ಧಿಸುವುದು ಪ್ರಯತ್ನದ ಬಿಗಿ ಸಡಿಲವಾದಾಗ ಎಂದೂ ಆತ ಹೇಳುತ್ತಾನೆ. ಬೋಪಣ್ಣನವರ ಮಂಡಿಗಳ ಕಾರ್ಟಿಲೇಜ್ ಸವೆದುಹೋಗಿ, ನೋವಿನ ಮಾತ್ರೆಗಳ ಬಲದಲ್ಲಿ ಆಡುವ ಸ್ಥಿತಿ ಬಂದಿತ್ತು. ಆಗ ಅವರಿಗೆ ನೆರವಾದದ್ದು ಅಯ್ಯಂಗಾರ್ ಯೋಗ ಎಂದು ಅವರೇ ಹಲವು ಸಲ ಹೇಳಿದ್ದಾರೆ. ಆ ಪದ್ಧತಿಯನ್ನು ಕಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ 1918ರಲ್ಲಿ ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಹಗ್ಗ, ಕುರ್ಚಿ, ದಿಂಬುಗಳ ಆಸರೆಯಲ್ಲಿ ದೇಹವನ್ನು ಬಲವಂತವಿಲ್ಲದೆ ಒಂದು ಸ್ಥಿತಿಯಲ್ಲಿ ನಿಲ್ಲಿಸುವುದು ಅದರ ವಿಶೇಷ. ಇನ್ನಷ್ಟು ಬಲ ಹಾಕಿದ್ದರೆ ಮುರಿದೇ ಹೋಗುತ್ತಿದ್ದ ಮಂಡಿಯನ್ನು ಬಲ ಕಡಿಮೆ ಮಾಡುವ ವಿದ್ಯೆ ಉಳಿಸಿತು.

ಅದೇ ಸಕಲೇಶಪುರ ಸೀಮೆಯ ಆನೇಮಹಲ್ ಸುತ್ತಿನ ತೋಟಗಳಲ್ಲಿ ಕಾಫಿ ಗಿಡ ನಡೆದುಕೊಳ್ಳುವ ರೀತಿ ಇದನ್ನು ಚೆನ್ನಾಗಿ ತೋರಿಸುತ್ತದೆ. ಮಳೆಗಾಲ ಮುಗಿದ ಮೇಲೆ ಕಟ್ಟಿದ ಮೊಗ್ಗು ಒಣ ತಿಂಗಳುಗಳಲ್ಲಿ ಬೆಳೆಯದೆ ನಿಂತುಬಿಡುತ್ತದೆ. ನೀರಿನ ಕೊರತೆಯಲ್ಲಿ ಕಳೆದ ಆ ವಾರಗಳಿದ್ದರೇನೇ ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದಾಗ ತೋಟವಿಡೀ ಒಟ್ಟಿಗೆ ಬೆಳ್ಳಗೆ ಅರಳುವುದು. ನಡುವೆ ಅಕಾಲದಲ್ಲಿ ಮಳೆ ಸುರಿದರೆ ಹೂ ಅಲ್ಲಲ್ಲಿ ಚದುರಿ ಅರಳಿ ಫಸಲು ಕೈಕೊಡುತ್ತದೆ. ಆ ನಿಲುಗಡೆಯನ್ನು ವ್ಯರ್ಥಕಾಲ ಎಂದು ಕರೆಯುವ ಬೆಳೆಗಾರನಿಲ್ಲ. ಹಿರಿಯ ಆಟಗಾರನ ಖಾಲಿ ವಾರಗಳೂ ಹಾಗೆಯೇ: ಅವು ಕೆಲಸದ ನಡುವೆ ಸಿಕ್ಕ ಪುರುಸೊತ್ತಲ್ಲ, ಕೆಲಸದ್ದೇ ಒಂದು ಭಾಗ. ನನ್ನ ವಾದದ ತಿರುಳು ಇದು. ಶಕ್ತಿಗೆ ಮಿತಿಯಿರುವ ಜೀವಿಗೆ, ಯಾವುದನ್ನು ಬಿಡಬೇಕೆಂದು ಆರಿಸುವುದು ಕರ್ತವ್ಯದ ಒಳಗೇ ಇರುವ ಕರ್ತವ್ಯ. ಯೌವನದಲ್ಲಿ ಅದು ಕಾಣಿಸುವುದಿಲ್ಲ, ಏಕೆಂದರೆ ಆಗ ದೇಹ ನಮ್ಮ ಪರವಾಗಿ ತಪ್ಪುಗಳ ಸಾಲ ತೀರಿಸುತ್ತಿರುತ್ತದೆ. ವಯಸ್ಸು ಆ ಸವಲತ್ತನ್ನು ಕಸಿದುಕೊಂಡಾಗ ಅದೇ ಕರ್ತವ್ಯ ಬರಿಗಣ್ಣಿಗೆ ಕಾಣತೊಡಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ಕನ್ನಡ ನೆಲದಿಂದಲೇ ಬರುತ್ತದೆ, ಅದೂ ಶರಣರ ಬಾಯಿಂದ. ಕಾಯಕಕ್ಕೆ ರಜೆಯಿಲ್ಲ ಎಂಬುದು ಅವರ ನಿಲುವು. ಹುಲ್ಲು ಕೊಯ್ಯುವಾಗ ಕೊರಳ ಲಿಂಗ ಜಾರಿ ನೀರಿಗೆ ಬಿದ್ದರೂ ನುಲಿಯ ಚಂದಯ್ಯ ಕಾಯಕ ನಿಲ್ಲಿಸಲಿಲ್ಲ ಎಂಬ ಕಥೆ ನಮ್ಮಲ್ಲಿ ಪ್ರಸಿದ್ಧ. ಪೂಜೆಗೂ ನಿಲ್ಲದ ಕಾಯಕ ಮುಂದಿನ ತಿಂಗಳ ಪ್ರಶಸ್ತಿಗಾಗಿ ನಿಲ್ಲಬಹುದೇ ಎಂದು ಕೇಳಿದರೆ ಅದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಉತ್ತರವೂ ಅದೇ ಪರಂಪರೆಯಲ್ಲಿದೆ. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಅದನ್ನು ಒಪ್ಪಲಿಲ್ಲ. ಬೇಕಾದುದಕ್ಕಿಂತ ಹೆಚ್ಚಾದದ್ದು ಆಸೆಯೆಂದು ಗದರಿಸಿ ಹಿಂದಕ್ಕೆ ಸುರಿದು ಬರಲು ಹೇಳಿದಳು. ಹೆಚ್ಚು ಆಯ್ದದ್ದೂ ದುಡಿಮೆಯೇ ಅಲ್ಲವೇ? ಆದರೂ ಅದು ಕಾಯಕವಾಗಿ ಉಳಿಯಲಿಲ್ಲ. ಚಂದಯ್ಯ ತೋರಿಸುವುದು ಕಾಯಕದ ನಿಷ್ಠೆಯನ್ನು, ಲಕ್ಕಮ್ಮ ತೋರಿಸುವುದು ಕಾಯಕದ ಅಳತೆಯನ್ನು. ಹಾಗೆ ನೋಡಿದರೆ ಸವೆದ ಮಂಡಿಯಲ್ಲಿ ಮತ್ತೊಂದು ವಾರದ ಬಹುಮಾನಕ್ಕೂ ರ‍್ಯಾಂಕಿಂಗ್ ಅಂಕಗಳಿಗೂ ಓಡುವವನು ದುಡಿಯುತ್ತಿರುತ್ತಾನೆ, ನಿಜ. ಆದರೆ ಲಕ್ಕಮ್ಮನ ಮುಂದೆ ನಿಂತರೆ ಆ ಹೆಚ್ಚಿನ ಅಕ್ಕಿಗೆ ಅವನು ಸಮಜಾಯಿಷಿ ಕೊಡಲಾರ.

ಎರಡನೆಯ ಆಕ್ಷೇಪ ಗೀತೆಯದು. ಫಲದ ಮೇಲೆ ಕಣ್ಣಿಡದೆ ಕರ್ಮ ಮಾಡು ಎನ್ನುವ ಗ್ರಂಥವನ್ನು ಒಪ್ಪಿದವರು, ಇಡೀ ವರ್ಷವನ್ನು ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳ ಸುತ್ತ ಹೆಣೆಯುವುದನ್ನು ಹೇಗೆ ಮೆಚ್ಚಬಹುದು? ಅದು ಫಲಾಸಕ್ತಿಯ ಪರಮಾವಧಿಯಲ್ಲವೇ? ನನಗೆ ಹಾಗೆನ್ನಿಸುವುದಿಲ್ಲ. ಚಿಕ್ಕ ಟೂರ್ನಿ ಬಿಡುವವನು ಕೈಗೆಟುಕುವ ಫಲವನ್ನು ಬಿಟ್ಟು, ಯಾರೂ ಖಾತರಿ ಕೊಡಲಾರದ ಕಡೆಗೆ ಹೆಜ್ಜೆ ಇಡುತ್ತಾನೆ. ಫೆಡರರ್ 2018ರಲ್ಲೂ ಮಣ್ಣಿನ ಅಂಗಳದ ಋತುವನ್ನು ಬಿಟ್ಟೇ ವಿಂಬಲ್ಡನ್‌ಗೆ ಬಂದರು. ಕ್ವಾರ್ಟರ್ ಫೈನಲ್‌ನಲ್ಲಿ ಮೊದಲೆರಡು ಸೆಟ್ ಗೆದ್ದೂ ಕೆವಿನ್ ಆ್ಯಂಡರ್ಸನ್‌ಗೆ ಐದನೇ ಸೆಟ್‌ನಲ್ಲಿ 13–11ರಿಂದ ಸೋತರು. ಹಿಂದಿನ ವರ್ಷದ್ದೇ ಸಂಯಮ. ಫಲ ಮಾತ್ರ ಬೇರೆ. ಹಾಗೆಂದು 2018ರ ಸಂಯಮ ತಪ್ಪಾಯಿತೇ? ಇಲ್ಲ. ಸಿದ್ಧತೆಯನ್ನು ಫಲಿತಾಂಶದಿಂದ ಅಳೆಯುವುದೇ ಗೀತೆ ಬೇಡವೆನ್ನುವ ಅಳತೆ. ಅದೇ ಗೀತೆಯ ಆರನೇ ಅಧ್ಯಾಯ ಅತಿಯಾಗಿ ಉಣ್ಣುವವನಿಗೂ ಏನೂ ಉಣ್ಣದವನಿಗೂ, ಅತಿಯಾಗಿ ಮಲಗುವವನಿಗೂ ಸದಾ ಎಚ್ಚರವಿರುವವನಿಗೂ ಯೋಗ ದಕ್ಕದು ಎನ್ನುತ್ತದೆ. ಫಲ ನಮ್ಮ ಕೈಯಲ್ಲಿಲ್ಲ ಎಂದಮೇಲೆ ನಮ್ಮ ಕೈಯಲ್ಲಿ ಉಳಿಯುವುದು ಈ ಹದವೊಂದೇ. ಅದನ್ನು ಕಾಯುವವನನ್ನು ಫಲಕ್ಕೆ ಅಂಟಿಕೊಂಡವನೆನ್ನಲಾಗದು.

ಮೂರನೆಯ ಆಕ್ಷೇಪ ಕೊಟ್ಟ ಮಾತಿನದು, ನನ್ನ ಲೆಕ್ಕದಲ್ಲಿ ಮೊದಲೆರಡಕ್ಕಿಂತ ಭಾರವಾದದ್ದು. ಟಿಕೆಟ್ ಕೊಂಡ ಪ್ರೇಕ್ಷಕ, ಆಟಗಾರನ ಹೆಸರು ನಂಬಿದ ಆಯೋಜಕ, ತಂಡಕ್ಕೆ ಕರೆದ ದೇಶ ಇವರಿಗೆಲ್ಲ ಅವನ ಮೇಲೆ ಹಕ್ಕಿಲ್ಲವೇ? ಇದೆ. ಅದಕ್ಕೇ ಬಿಡುವುದಕ್ಕೂ ಒಂದು ಶಿಸ್ತು ಬೇಕು. ಡ್ರಾ ಆಗುವ ಮೊದಲೇ, ಸಾಕಷ್ಟು ಮುಂಚೆ ಬರುವುದಿಲ್ಲವೆಂದು ಹೇಳಿದರೆ ಪಟ್ಟಿಯಲ್ಲಿ ಮುಂದಿರುವ ಆಟಗಾರನಿಗೆ ಜಾಗ ಸಿಗುತ್ತದೆ. ಕೊನೆಯ ಗಳಿಗೆಯಲ್ಲಿ ಕಾರಣ ಹುಡುಕಿದರೆ ಎಲ್ಲರಿಗೂ ಮೋಸ. ಬೋಪಣ್ಣ 2002ರಲ್ಲಿ ಡೇವಿಸ್ ಕಪ್‌ಗೆ ಕಾಲಿಟ್ಟವರು. 21 ವರ್ಷಗಳ ನಂತರ, 2023ರ ಸೆಪ್ಟೆಂಬರ್‌ನಲ್ಲಿ ಲಖನೌದಲ್ಲಿ ಮೊರಾಕ್ಕೊ ವಿರುದ್ಧ ಆಡಿ ಅದಕ್ಕೆ ವಿದಾಯ ಹೇಳಿದರು. ಅದು ಕೊನೆಯದೆಂದು ಮೊದಲೇ ತಿಳಿಸಿದ್ದರಿಂದ ತಂಡ ಮುಂದಿನ ದಾರಿ ನೋಡಿಕೊಳ್ಳಲು ಸಾಧ್ಯವಾಯಿತು. ಅದಾದ ಮೇಲೂ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದರು, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲೂ ಆಡಿದರು. ದೇಶದ ಕರೆಯನ್ನೂ ಅವರು ಅಳೆದೇ ಒಪ್ಪಿದರು, ಒಪ್ಪಿದ ಕಡೆ ಅರೆಮನಸ್ಸಿನಿಂದ ಆಡಲಿಲ್ಲ. ಎಲ್ಲ ಕಡೆ ಹಾಜರಿ ಹಾಕಿ ಎಲ್ಲ ಕಡೆ ಅರ್ಧ ಕೊಡುವವನಿಗಿಂತ ಇಂಥವನೇ ಮಾತಿಗೆ ಹೆಚ್ಚು ಬದ್ಧ.

ಇನ್ನೊಂದು ಆಕ್ಷೇಪ ಉಳಿಯುತ್ತದೆ, ಅದನ್ನು ಕಾಫಿ ಸೀಮೆಯಲ್ಲಿ ನಿಂತು ಮಾತಾಡುವವರು ತಪ್ಪಿಸಿಕೊಳ್ಳುವಂತಿಲ್ಲ. ವಿಶ್ರಾಂತಿಯನ್ನು ಧರ್ಮವೆನ್ನುವುದು ಉಳ್ಳವರ ತತ್ವ. ದಿನಗೂಲಿಯ ಮೇಲೆ ಹಣ್ಣು ಕೊಯ್ಯುವ ಹೆಂಗಸು ಯಾವ ವಾರವನ್ನು ಬಿಟ್ಟಾಳು? ಈ ಮಾತು ಸತ್ಯ. ಮುಂದೆ ಒಂದು ದೊಡ್ಡ ಪ್ರಶಸ್ತಿ, ಹಿಂದೆ ಕೂಡಿಟ್ಟ ಹಣ ಇರುವವನಿಗೆ ಸಂಯಮ ಸುಲಭ. ಟೆನಿಸ್‌ನಲ್ಲೂ ಇದೇ ಕಥೆ. ರ‍್ಯಾಂಕಿಂಗ್‌ನಲ್ಲಿ ಕೆಳಗಿರುವ ಆಟಗಾರ ಪ್ರಯಾಣದ ಖರ್ಚು ಹುಟ್ಟಿಸಲೆಂದೇ ನೋವಿನಲ್ಲೂ ವಾರವಾರ ಆಡುತ್ತಾನೆ. ಆದರೆ ಇದರಿಂದ ಹೊರಡುವ ತೀರ್ಮಾನ ವಿಶ್ರಾಂತಿ ತಪ್ಪೆಂಬುದಲ್ಲ, ಅದು ಎಲ್ಲರಿಗೂ ಸಿಗದಿರುವುದು ತಪ್ಪೆಂಬುದು. 1951ರ ತೋಟ ಕಾರ್ಮಿಕರ ಕಾಯ್ದೆ ಏಳು ದಿನಕ್ಕೊಂದು ವಿರಾಮದ ದಿನ ಕೊಡಿಸಲು ದಾರಿ ಮಾಡಿತಲ್ಲ, ಅದರ ಹಿಂದಿದ್ದ ಅರಿವೂ ಇದೇ: ದೇಹದ ಮಿತಿ ಒಬ್ಬೊಬ್ಬರ ಖಾಸಗಿ ಸಮಸ್ಯೆಯಲ್ಲ, ಸಮಾಜ ಒಪ್ಪಿ ನಡೆಯಬೇಕಾದ ಸತ್ಯ. ಸಾರು ಹಾಕಿದ ಊರಿನಲ್ಲಿ ಕಟ್ಟು ಗೌಡರಿಗೂ ಆಳಿಗೂ ಒಂದೇ ಎಂಬುದರಲ್ಲಿ ಆ ಕಟ್ಟಿನ ಧಾರ್ಮಿಕ ಬಲವಿದೆ. ತನ್ನ ಬಿಡುವನ್ನು ಪವಿತ್ರವೆಂದು ಬಗೆದು, ತನ್ನ ಕೈಕೆಳಗಿನವರ ಬಿಡುವನ್ನು ಕಳ್ಳತನವೆಂದು ಎಣಿಸುವವನ ಸಂಯಮಕ್ಕೆ ಧರ್ಮದ ಹೆಸರು ಸಲ್ಲುವುದಿಲ್ಲ.

ಹಾಗಾದರೆ ಧರ್ಮವಾದ ಬಿಡುವನ್ನು ನುಣುಚಿಕೊಳ್ಳುವ ಬಿಡುವಿನಿಂದ ಬೇರ್ಪಡಿಸುವುದು ಹೇಗೆ? ಮೇಲಿನ ಆಕ್ಷೇಪಗಳೇ ಒರೆಗಲ್ಲು ಕೊಟ್ಟಿವೆ. ಬಿಟ್ಟದ್ದು ಆಸೆಯನ್ನೋ, ಭಯದಿಂದ ಕಷ್ಟವನ್ನೋ? ಸೋತರೂ ಈ ಅಳತೆ ಸರಿಯೆಂದು ಹೇಳಬಲ್ಲೆವೇ? ನಮ್ಮನ್ನು ನಂಬಿದವರಿಗೆ ಮೊದಲೇ ತಿಳಿಸಿದ್ದೇವೆಯೇ, ಒಪ್ಪಿಕೊಂಡ ಕಡೆ ಪೂರ್ತಿ ಕೊಡುತ್ತಿದ್ದೇವೆಯೇ? ನಮಗೆ ಬೇಕಾದ ವಿರಾಮವನ್ನು ಇತರರಿಗೂ ಬಯಸುತ್ತೇವೆಯೇ? ಒಂದು ಕಾಲದಲ್ಲಿ ಐದು ತಿಂಗಳು ಒಂದೂ ಪಂದ್ಯ ಗೆಲ್ಲದೆ ಆಟ ಬಿಡುವ ಯೋಚನೆ ಮಾಡಿದ್ದನ್ನು ಬೋಪಣ್ಣ ಮೆಲ್ಬರ್ನ್‌ನ ವೇದಿಕೆಯಲ್ಲೇ ಹೇಳಿಕೊಂಡರು. ಆಗ ಅವರು ಆಟವನ್ನು ಬಿಡಲಿಲ್ಲ. ಬಿಟ್ಟದ್ದು 2025ರ ನವೆಂಬರ್‌ನಲ್ಲಿ, 45ನೇ ವಯಸ್ಸಿನಲ್ಲಿ. ಸೋಲಿನ ಬೇಸರದಲ್ಲಿ ಬಿಡುವುದಕ್ಕೂ ಕೊಡುವುದನ್ನೆಲ್ಲ ಕೊಟ್ಟು ಬಿಡುವುದಕ್ಕೂ ಇರುವ ಅಂತರವನ್ನು ಆ ನಡುವಿನ ವರ್ಷಗಳು ತುಂಬಿವೆ. ವಯಸ್ಸು ಎಲ್ಲರಿಂದಲೂ ಒಂದಲ್ಲ ಒಂದು ದಿನ ಎಲ್ಲವನ್ನೂ ಬಿಡಿಸುತ್ತದೆ. ಅದು ಬಲವಂತವಾಗಿ ಬಿಡಿಸುವ ಮೊದಲು, ಯಾವುದು ಹಿರಿದೆಂದು ತಿಳಿದು ಕಿರಿದನ್ನು ನಾವೇ ಬಿಡಲು ಕಲಿಯುವುದು ದುಡಿಮೆಯಷ್ಟೇ ಗೌರವಕ್ಕೆ ಅರ್ಹವಾದ ಸಾಧನೆ. ಮಕ್ಕಳಿಗೆ ಬೋಪಣ್ಣನವರ ಉದಾಹರಣೆ ಕೊಡುವಾಗ ಅವರ ಛಲದ ಜೊತೆಗೆ ಈ ಸಾಧನೆಯನ್ನೂ ಹೇಳಿಕೊಡಬೇಕು.