ಉಸ್ತಾದರ ಕೈ ಎಲ್ಲಿ ನಿಲ್ಲಬೇಕು?

ಆಳಂದ, ಅಫಜಲಪುರ, ಜೇವರ್ಗಿಯ ಶಾಲಾ ಮಕ್ಕಳು ಮೈಸೂರಿಗೆ ಪ್ರವಾಸ ಹೋದರೆ ಅರಮನೆಯ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿ ನಿಲ್ಲುತ್ತಾರೆ. ಮೇಲೆ ನವಿಲುಗಳ ಚಿತ್ತಾರವಿರುವ ಬಣ್ಣದ ಗಾಜಿನ ಛಾವಣಿ. ಅರಮನೆ ಪೂರ್ಣಗೊಂಡದ್ದು 1912ರಲ್ಲಿ. ಆ ಗಾಜು ಬಂದದ್ದು ಗ್ಲಾಸ್ಗೋದಿಂದ. ಮಕ್ಕಳು ನೋಡಿ ಬೆರಗಾಗುತ್ತಾರೆ. ಆದರೆ ಇಂಥ ಕೆಲಸ ಕಲಿಯುವವರ ಮೇಜು ಹೇಗಿರುತ್ತದೆ ಎಂಬುದನ್ನು ಅವರಿಗೆ ಯಾರೂ ತೋರಿಸುವುದಿಲ್ಲ. ಛಾವಣಿಗಿಂತ ಆ ಮೇಜಿನಿಂದಲೇ ಅವರು ಹೆಚ್ಚು ಕಲಿಯಬಹುದು ಎಂದು ನಾವು ನಂಬುತ್ತೇವೆ.

ಬಣ್ಣದ ಗಾಜಿನ ತರಗತಿಯಲ್ಲಿ ವಿದ್ಯಾರ್ಥಿ ಮೊದಲು ಕಾಗದದ ಮೇಲೆ ನಕ್ಷೆ ಬರೆದು ಪ್ರತಿ ತುಂಡಿಗೂ ನಂಬರು ಕೊಡಬೇಕು. ಗಾಜನ್ನು ಬಟ್ಟೆಯಂತೆ ಕತ್ತರಿಸಲು ಬರುವುದಿಲ್ಲ. ಕಟರ್‌ನಿಂದ ಒಂದೇ ಸಲ ಗೆರೆ ಎಳೆದು, ಆ ಗೆರೆಯ ಗುಂಟ ಮುರಿಯಬೇಕು. ಕೈ ನಡುಗಿದರೆ ಗಾಜು ತನ್ನದೇ ದಾರಿ ಹಿಡಿಯುತ್ತದೆ. ರಬ್ಬರಿನಿಂದ ಅಳಿಸುವ ಮಾತಿಲ್ಲ. ಮುರಿದ ತುಂಡಿನ ಅಂಚು ಉಜ್ಜಿ, ತಾಮ್ರದ ತೆಳು ಪಟ್ಟಿ ಸುತ್ತಿ, ನಕ್ಷೆಯ ಮೇಲೆ ಜೋಡಿಸಿ ಬೆಸುಗೆ ಹಾಕಬೇಕು. ಕೊನೆಗೆ ಕಿಟಕಿಗೆ ಹಿಡಿದು ನೋಡಬೇಕು. ಬೆಸುಗೆ ಸರಿಯಾಗಿ ಕೂರದ ಕಡೆ ಬೆಳಕು ಸೋರುತ್ತದೆ.

ಒಂದೇ ದಿನ ತರಗತಿಗೆ ಸೇರಿದವರಲ್ಲಿ ಒಬ್ಬನ ಬೆಸುಗೆ ಮುಗಿದಿರುತ್ತದೆ, ಇನ್ನೊಬ್ಬಳು ಐದನೆಯ ತುಂಡನ್ನು ಮೂರನೆಯ ಸಲ ಕತ್ತರಿಸುತ್ತಿರುತ್ತಾಳೆ. ಯಾರ ಪ್ರಗತಿ ಹೆಚ್ಚು? ಕೆಲಸ ಮುಗಿಸಿದವನದೋ, ಎರಡು ಸಲ ಒಡೆದು ಮೂರನೆಯ ಸಲ ಕೈಯ ಒತ್ತಡ ಎಷ್ಟಿರಬೇಕೆಂದು ಕಂಡುಕೊಂಡವಳದೋ? ಇಷ್ಟರಲ್ಲಿ ಪ್ರದರ್ಶನದ ದಿನ ಹತ್ತಿರ ಬರುತ್ತದೆ. ಹುಡುಗಿ ಮನೆಗೆ ಹೋದ ಮೇಲೆ ಗುರುಗಳು ಆ ತುಂಡನ್ನು ತಾವೇ ಕತ್ತರಿಸಿ ಕೂರಿಸಿಬಿಟ್ಟರೆ ಅದರಲ್ಲಿ ತಪ್ಪೇನು? ಅವರು ಮಾಡಿದ್ದು ಕರುಣೆಯಿಂದಲ್ಲವೇ?

ಗಾಜಿನ ತರಗತಿ ನಮ್ಮ ಊರುಗಳ ದಿನನಿತ್ಯದ ಮಾತಲ್ಲ. ಆದರೆ ‘ಪ್ರಾಜೆಕ್ಟ್’ ದಿನನಿತ್ಯದ ಮಾತು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಯೊಂದನ್ನು ಬಿಟ್ಟರೆ ಉಳಿದ ವಿಷಯಗಳಿಗೆ ಬರಹದ ಪರೀಕ್ಷೆಯ ಅಂಕ 80, ಆಂತರಿಕ ಮೌಲ್ಯಮಾಪನದ್ದು 20. ಮಗು ತನ್ನ ಕೈಯಿಂದ ಏನಾದರೂ ಮಾಡಿ ಕಲಿಯಲಿ ಎಂಬ ಒಳ್ಳೆಯ ಉದ್ದೇಶ ಇದರ ಹಿಂದಿದೆ. ನಡೆಯುತ್ತಿರುವುದೇನು? ಥರ್ಮೋಕೋಲಿನ ಮಾದರಿಯನ್ನು ಅಣ್ಣ ಮಾಡುತ್ತಾನೆ. ಚಾರ್ಟು ಸ್ಟೇಷನರಿ ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತದೆ. ಓದಿದವರ ಮನೆಯಲ್ಲಿ ತಂದೆಯೇ ವಿದ್ಯಾರ್ಥಿಯಾಗುತ್ತಾನೆ. ತಂದೆ ತಾಯಿ ದುಡಿಯಲು ಪುಣೆಗೋ ಹೈದರಾಬಾದಿಗೋ ಹೋಗಿ ಅಜ್ಜಿಯ ಬಳಿ ಉಳಿದ ಮಗುವಿನ ಪ್ರಾಜೆಕ್ಟು ಸೊಟ್ಟಗಿರುತ್ತದೆ. ಅದರ ಮೇಲೆ ಕನಿಕರಪಟ್ಟು ಶಿಕ್ಷಕರು ಅಂಕ ತುಂಬುತ್ತಾರೆ. ಎಲ್ಲವೂ ಮೇಜಿನ ಮೇಲೆ ಚೆಂದ ಕಾಣುತ್ತದೆ.

ಆಮೇಲೆ ಬೆಳಕಿಗೆ ಹಿಡಿಯುವ ದಿನ ಬರುತ್ತದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಬಂತು. ಹಿಂದಿನ ವರ್ಷ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕವನ್ನು ಶೇಕಡಾ 10ರಿಂದ 20ಕ್ಕೆ ಏರಿಸಿದ ಮೇಲೆ. ಆ ಹೆಚ್ಚಿನ ಕೃಪಾಂಕ ಇಲ್ಲದ 2025ರಲ್ಲಿ ರಾಜ್ಯದ ಫಲಿತಾಂಶ 62.34, ಕಲಬುರಗಿ ಜಿಲ್ಲೆಯದು 42.43, ಇಡೀ ರಾಜ್ಯದಲ್ಲಿ ಕೊನೆಯ ಸ್ಥಾನ. ಬಡತನ, ವಲಸೆ, ಖಾಲಿ ಉಳಿದ ಶಿಕ್ಷಕರ ಹುದ್ದೆಗಳು ಇದಕ್ಕೆ ಕಾರಣಗಳೆಂಬುದನ್ನು ಅಲ್ಲಗಳೆಯುವಂತಿಲ್ಲ. ಆದರೆ ಮಗುವಿನ ಕೈ ಎಲ್ಲಿ ನಡುಗುತ್ತದೆ ಎಂಬುದನ್ನು ವರ್ಷವಿಡೀ ಮುಚ್ಚಿಟ್ಟವರು ನಾವು ಹಿರಿಯರೇ ಅಲ್ಲವೇ? ಮುಚ್ಚಿಟ್ಟ ಬಿರುಕನ್ನು ತಿದ್ದುವವರು ಯಾರು?

ಹಾಗಾದರೆ ಗುರು ಕೈ ಕಟ್ಟಿ ಕೂರಬೇಕೇ? ಹಾಗೂ ಅಲ್ಲ. ಉರ್ದು ಕಾವ್ಯದಲ್ಲಿ ‘ಇಸ್ಲಾಹ್’ ಎಂಬ ಪದ್ಧತಿಯಿದೆ. ಶಾಗಿರ್ದ್ ತನ್ನ ಗಜಲನ್ನು ಉಸ್ತಾದರಿಗೆ ತೋರಿಸುತ್ತಾನೆ, ಅವರು ತಿದ್ದಿ ಕೊಡುತ್ತಾರೆ. ದೂರದ ಊರುಗಳ ಶಿಷ್ಯರು ಅಂಚೆಯಲ್ಲಿ ಕಳಿಸಿದ ಗಜಲುಗಳನ್ನು ಮಿರ್ಜಾ ಗಾಲಿಬ್ ತಿದ್ದಿ ಹಿಂದಿರುಗಿಸುತ್ತಿದ್ದರು. ಈ ಶಬ್ದ ಇಲ್ಲಿ ಏಕೆ ಸಲ್ಲದು ಎಂದು ಪತ್ರಗಳಲ್ಲಿ ವಿವರಿಸುತ್ತಿದ್ದರು. ತಾನು ಬರೆದದ್ದೇನು, ಉಸ್ತಾದರು ಬದಲಿಸಿದ್ದೇನು ಎಂಬುದು ಶಿಷ್ಯನ ಕಣ್ಣ ಮುಂದೆಯೇ ಇರುತ್ತಿತ್ತು. ಸಹಾಯದ ಗುರುತು ಉಳಿಯುತ್ತಿತ್ತು.

ಇದರ ಇನ್ನೊಂದು ಮುಖವೂ ಉರ್ದು ಸಾಹಿತ್ಯದಲ್ಲಿದೆ. ಕೊನೆಯ ಮೊಗಲ್ ಬಾದಶಹ ಬಹಾದ್ದೂರ್ ಶಾ ಜಫರ್ ಸ್ವತಃ ಕವಿ. ಅವರಿಗೆ ಉಸ್ತಾದರಾಗಿದ್ದವರು ಜೌಕ್. ಜೌಕರ ಶಿಷ್ಯ ಮುಹಮ್ಮದ್ ಹುಸೇನ್ ಆಜಾದ್ 1880ರಲ್ಲಿ ಪ್ರಕಟಿಸಿದ ‘ಆಬೆ ಹಯಾತ್’ನಲ್ಲಿ, ಜಫರರ ಕಾವ್ಯದ ಬಹುಪಾಲು ತನ್ನ ಗುರುವಿನದೇ ಎಂದರು. ವಿದ್ವಾಂಸರು ಅದನ್ನು ಪ್ರಶ್ನಿಸಿದ್ದಾರೆ. ಆದರೂ ಬಾದಶಹನ ಹೆಸರಿಗೆ ಅಂಟಿದ ಅನುಮಾನ ಪೂರ್ತಿ ತೊಳೆದುಹೋಗಲಿಲ್ಲ. ಸಹಾಯ ಎಲ್ಲಿಂದ ಎಲ್ಲಿಯವರೆಗೆ ಎಂದು ಗೊತ್ತಾಗದೆ ಹೋದರೆ ಸ್ವಂತ ದುಡಿಮೆಯೂ ಶಂಕೆಗೆ ಗುರಿಯಾಗುತ್ತದೆ. ದೀಪದ ಕೆಳಗೆ ಕೂತು ಓದಿ ಗೆದ್ದ ಜೇವರ್ಗಿಯ ಹುಡುಗಿಗೂ, ನಿಮ್ಮ ಜಿಲ್ಲೆಯ ಅಂಕ ತಾನೇ ಎಂಬ ಮಾತು ಕೇಳಬೇಕಾಗುವುದು ಇದರಿಂದಲೇ. ಮರೆಯ ಕರುಣೆ ದುರ್ಬಲ ಮಗುವಿಗೆ ಕಲಿಕೆಯನ್ನು ತಪ್ಪಿಸುತ್ತದೆ, ದುಡಿದ ಮಗುವಿನ ಗೌರವವನ್ನು ಕಸಿಯುತ್ತದೆ.

ಆದ್ದರಿಂದ ಪ್ರಶ್ನೆ ಸಹಾಯ ಮಾಡಬೇಕೋ ಬೇಡವೋ ಎಂಬುದಲ್ಲ. ಮಾಡಿದ ಸಹಾಯ ಮಗುವಿಗೆ ಕಾಣುತ್ತದೆಯೇ, ನಾಳೆ ಅದೇ ಕೆಲಸವನ್ನು ಅದು ತಾನಾಗಿ ಮಾಡಬಲ್ಲದೇ ಎಂಬುದು. ಗಾಜಿನ ಗುರು ಬೇರೊಂದು ಚೂರಿನ ಮೇಲೆ ಗೆರೆ ಎಳೆದು ತೋರಿಸಲಿ, ಶಿಷ್ಯೆಯ ಕೈ ಹಿಡಿದು ಒತ್ತಡ ಕಲಿಸಲಿ. ಐದನೆಯ ತುಂಡನ್ನು ಮಾತ್ರ ಅವಳೇ ಕತ್ತರಿಸಲಿ. ಪ್ರದರ್ಶನಕ್ಕೆ ಅವಳ ಚಿತ್ರ ಅರ್ಧವೇ ಆಗಿದ್ದರೆ ಅರ್ಧವನ್ನೇ ಇಡೋಣ.

ನಮ್ಮ ಶಾಲೆಗಳಲ್ಲಿ ಇದಕ್ಕೆ ಹಣ ಬೇಕಿಲ್ಲ. ಪ್ರಾಜೆಕ್ಟಿನ ಕೊನೆಯ ಪುಟದಲ್ಲಿ ಮಗುವೇ ಮೂರು ಸಾಲು ಬರೆಯಲಿ: ನಾನು ಮಾಡಿದ್ದು ಇಷ್ಟು, ನನಗೆ ಇವರು ಸಹಾಯ ಮಾಡಿದ್ದು ಇಷ್ಟು, ನನಗೆ ಬಾರದೆ ಉಳಿದದ್ದು ಇಷ್ಟು. ಮೂರನೆಯ ಸಾಲನ್ನು ಹೆದರಿಕೆಯಿಲ್ಲದೆ ಬರೆದ ಮಗುವಿಗೆ ಅಂಕ ಕಡಿಮೆಯಾಗದಂತೆ ಶಿಕ್ಷಕರು ನೋಡಿಕೊಳ್ಳಲಿ. ತಂದೆ ತಾಯಿ ಮೊದಲು ಆ ಸಾಲನ್ನೇ ಓದಲಿ. ಮಗುವಿನ ಕಲಿಕೆ ನಮ್ಮ ಕೈಗೆ ಬಂದ ಅಮಾನತ್ತು. ಅದನ್ನು ಹಿಂದಿರುಗಿಸುವಾಗ ಹೊಳಪು ಕಡಿಮೆಯಿದ್ದರೂ ಚಿಂತೆಯಿಲ್ಲ, ಅದು ಮಗುವಿನದೇ ಆಗಿರಬೇಕು.