ನಾಯಿ ಯಾರದು?

ನಮ್ಮ ಮನೆಯಲ್ಲಿ ನಾಯಿ ಸಾಕುವ ಕ್ರಮವಿಲ್ಲ. ಯಾರು ಕೇಳಿದರೂ ನಾವು ಹೀಗೆಯೇ ಹೇಳುತ್ತಿದ್ದೆವು. ಆದರೆ ಹಿತ್ತಲಿನಿಂದ ಅಡಿಕೆ ತೋಟಕ್ಕೆ ಇಳಿಯುವ ಮೆಟ್ಟಿಲ ಬಳಿ ಹಳೆಯ ಅಲ್ಯುಮಿನಿಯಂ ಬೋಗುಣಿಯೊಂದು ಮೂರು ವರ್ಷಗಳಿಂದ ಇತ್ತು. ಮಧ್ಯಾಹ್ನ ಉಳಿದ ಅನ್ನ, ಮೀನಿನ ತಲೆ ಅದಕ್ಕೆ ಬೀಳುತ್ತಿತ್ತು. ಕಂದು ಬಣ್ಣದ ನಾಯಿಯೊಂದು ಬಂದು ತಿನ್ನುತ್ತಿತ್ತು. ರಾತ್ರಿ ತೋಟಕ್ಕೆ ಹಂದಿ ನುಗ್ಗಿದರೆ, ಅಪರಿಚಿತರು ಅಂಗಳಕ್ಕೆ ಬಂದರೆ ಬೊಗಳುತ್ತಿತ್ತು. ಅದಕ್ಕೆ ಹೆಸರಿರಲಿಲ್ಲ.

ಒಂದು ಬೆಳಿಗ್ಗೆ ಹಾಲಿನ ಸೊಸೈಟಿಗೆ ಹೊರಟಿದ್ದ ನೆರೆಯ ಹುಡುಗನ ಮೀನಖಂಡಕ್ಕೆ ಅದು ಬಾಯಿ ಹಾಕಿತು. ಸ್ವಲ್ಪ ಹೊತ್ತಿನಲ್ಲೇ ಹುಡುಗನ ತಂದೆ ನಮ್ಮ ಅಂಗಳದಲ್ಲಿದ್ದರು. ರಬ್ಬರ್ ಟ್ಯಾಪಿಂಗ್ ಮಾಡಿ ಬದುಕುವವರು.

"ಸಾಹೇಬ್ರೆ, ನಾಯಿ ನಿಮ್ಮದಲ್ವಾ?"

"ಅಲ್ಲ ಮಾರಾಯ್ರೆ, ಅದು ಬೀದಿ ನಾಯಿ. ಎಲ್ಲಿಂದಲೋ ಬರ್ತದೆ" ಎಂದೆವು.

ಅವರು ಮೆಟ್ಟಿಲ ಬಳಿಯಿದ್ದ ಬೋಗುಣಿಯನ್ನು ನೋಡಿದರು. ಮತ್ತೇನೂ ಹೇಳಲಿಲ್ಲ. ಮಗನನ್ನು ಕರೆದುಕೊಂಡು ಬಸ್ಸಿಗೆ ಹೋದರು.

ಆಸ್ಪತ್ರೆಯಲ್ಲಿ ವೈದ್ಯರು ಎರಡೇ ಪ್ರಶ್ನೆ ಕೇಳಿದರಂತೆ. ನಾಯಿ ಯಾರದು? ಅದಕ್ಕೆ ಚುಚ್ಚುಮದ್ದು ಆಗಿದೆಯೇ? ಮೊದಲನೆಯದಕ್ಕೆ ಉತ್ತರವಿಲ್ಲದ ಮೇಲೆ ಎರಡನೆಯದಕ್ಕೆ ಎಲ್ಲಿಂದ ಬರಬೇಕು? ಮೊದಲ ದಿನ, 3ನೇ ದಿನ, 7ನೇ ದಿನ, 28ನೇ ದಿನ ಎಂದು ಚುಚ್ಚುಮದ್ದಿನ ಲೆಕ್ಕ. ಔಷಧಿ ಪುಕ್ಕಟೆ, ಆದರೆ ನಾಲ್ಕು ದಿನದ ಕೂಲಿ ಪುಕ್ಕಟೆಯಲ್ಲ. ಜೊತೆಗೆ, ಸಾಧ್ಯವಾದರೆ ನಾಯಿಯನ್ನು 10 ದಿನ ಗಮನಿಸಿ ಎಂದೂ ಹೇಳಿ ಕಳಿಸಿದ್ದರು. ಕಚ್ಚುವಾಗ ಜೊಲ್ಲಿನಲ್ಲಿ ರೇಬೀಸ್ ವೈರಾಣು ಇದ್ದಿದ್ದರೆ ಆ ನಾಯಿ ಅಷ್ಟು ದಿನದೊಳಗೆ ಕಾಯಿಲೆ ಬಿದ್ದು ಸಾಯುತ್ತದೆ. ನಮ್ಮದಲ್ಲ ಎಂದು ಹೇಳಿಬಿಟ್ಟ ನಾವು ಆ ಹತ್ತೂ ಬೆಳಿಗ್ಗೆ ಅಡುಗೆಮನೆಯ ಕಿಟಕಿಯಿಂದ ಇಣುಕಿ, ಅದು ಬದುಕಿದೆಯೇ, ನೀರು ಕುಡಿಯುತ್ತಿದೆಯೇ ಎಂದು ನೋಡುತ್ತಿದ್ದೆವು. ಮೂರು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಹಾಗೆ ನೋಡಿರಲಿಲ್ಲ. ನಾಯಿ ಬದುಕಿತು, ಹುಡುಗನೂ ಕ್ಷೇಮ. ಆದರೆ ಆ ತಂದೆಯ ಎದುರು ನಾವು ಆಡಿದ ಮಾತು ಹಾಗೆಯೇ ಉಳಿದಿದೆ.

ಪುತ್ತೂರು, ಸುಳ್ಯ, ಕಡಬದ ಯಾವ ಹಳ್ಳಿಗೆ ಹೋದರೂ ಇಂಥ ಅರ್ಧ ನಾಯಿಗಳು ಸಿಗುತ್ತವೆ. ತೋಟ ಕಾಯುವಾಗ ನಮ್ಮದು, ಕಚ್ಚಿದಾಗ ಊರಿನದು. ಮರಿ ಹಾಕಿದರೆ ಗೋಣಿಯಲ್ಲಿ ತುಂಬಿಸಿ ರಾತ್ರಿ ಪೇಟೆಯ ಬದಿಗೆ ಬಿಟ್ಟು ಬಂದರಾಯಿತು. ಉರ್ದುವಿನಲ್ಲಿ ಒಂದು ಗಾದೆಯಿದೆ: ಧೋಬಿ ಕಾ ಕುತ್ತಾ, ನ ಘರ್ ಕಾ ನ ಘಾಟ್ ಕಾ. ಅಗಸನ ನಾಯಿ ಮನೆಯದೂ ಅಲ್ಲ, ಬಟ್ಟೆ ಒಗೆಯುವ ಕಟ್ಟೆಯದೂ ಅಲ್ಲ. ಶಾಲೆಯಲ್ಲಿ ಇದನ್ನು ಕಲಿಯುವಾಗ ನಾಯಿಯ ಅವಸ್ಥೆಗೆ ನಗುತ್ತಿದ್ದೆವು. ಅಗಸ ಏನು ಮಾಡುತ್ತಿದ್ದ ಎಂದು ಮಾತ್ರ ಯಾರೂ ಕೇಳಿರಲಿಲ್ಲ.

ಪರವಾನಗಿ, ಸರಪಳಿ, ಚುಚ್ಚುಮದ್ದು ಎಂದರೆ ಪಂಚಾಯಿತಿಯವರಿಗೆ ದುಡ್ಡು ಮಾಡಲು ಹೊಸ ದಾರಿ ಎನ್ನುವವರು ನಮ್ಮಲ್ಲಿ ಬಹಳ. ಅಂಥವರಿಗೆ ನಾವು ಕೋವಿಯನ್ನು ನೆನಪಿಸುತ್ತೇವೆ. ಬೆಳೆ ರಕ್ಷಣೆಗೆಂದು ಕೋವಿ ಇಟ್ಟುಕೊಂಡ ಕೃಷಿಕರು ಈ ಮೂರು ತಾಲೂಕುಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಪರವಾನಗಿ ನವೀಕರಿಸುತ್ತಾರೆ. ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಡಿ ಎಂದರೆ ಗೊಣಗುತ್ತಾರೆ, ವಿನಾಯಿತಿಗೆ ಅರ್ಜಿ ಹಾಕುತ್ತಾರೆ. ಆದರೆ ಕೋವಿ ಯಾರ ಹೆಸರಿನಲ್ಲಿದೆ ಎಂದು ಸರಕಾರ ಏಕೆ ತಿಳಿಯಬೇಕು ಎಂದು ಯಾರೂ ಕೇಳುವುದಿಲ್ಲ. ಹಂದಿ ಓಡಿಸಲು ಅದೇ ತೋಟದಲ್ಲಿ ನಾಯಿಯೂ ಇದೆ. ಕೋವಿ ತಾನಾಗಿ ರಸ್ತೆಗೆ ಹೋಗುವುದಿಲ್ಲ. ನಾಯಿ ಹೋಗುತ್ತದೆ.

ಕಾನೂನು ಇಲ್ಲವೆಂದಲ್ಲ. ಸಾಕಿದ ಪ್ರಾಣಿಯಿಂದ ಇತರರಿಗೆ ಅಪಾಯವಾಗದಂತೆ ನೋಡಿಕೊಳ್ಳದಿದ್ದರೆ ಅಪರಾಧ ಎಂದು 1860ರ ದಂಡ ಸಂಹಿತೆಯಲ್ಲಿಯೇ ಇತ್ತು. ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಇದೆ: ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಸಾಕುಪ್ರಾಣಿಯ ಚುಚ್ಚುಮದ್ದು, ಸಂತಾನಹರಣದ ಹೊಣೆಯನ್ನು ಮಾಲಿಕರ ಮೇಲೆ, ಬೀದಿಯವುಗಳ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹಾಕಿವೆ. ಕರ್ನಾಟಕ ಸರಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಪ್ರಕಟಿಸಿತು. ಸುಪ್ರೀಂ ಕೋರ್ಟು 2025ರ ಆಗಸ್ಟ್ 11ರಂದು ದೆಹಲಿಯ ಬೀದಿ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. 22ರಂದು ಅದನ್ನು ಸಡಿಲಿಸಿತು. ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ನಾಯಿಗಳನ್ನು ತೆರವುಗೊಳಿಸಲು ಹೇಳಿತು. ದೇಶವಿಡೀ ಬೀದಿ ನಾಯಿಯ ಬಗ್ಗೆ ಜಗಳವಾಡಿತು. ನಮ್ಮ ಅರ್ಧ ನಾಯಿಗಳ ಸುದ್ದಿ ಯಾರೂ ಎತ್ತಲಿಲ್ಲ, ಏಕೆಂದರೆ ಎಣಿಸುವವರು ಬಂದಾಗ ಅವು ಬೀದಿಯವು.

ನಿಯಮ ಎಡವುವುದೂ ಉಂಟು. 2018ರಲ್ಲಿ ಬೆಂಗಳೂರಿನ ಅಂದಿನ ಬಿಬಿಎಂಪಿ ಫ್ಲ್ಯಾಟಿಗೆ ಒಂದು ನಾಯಿ, ಸ್ವತಂತ್ರ ಮನೆಗೆ ಮೂರು ಎಂದು ಉಪವಿಧಿ ತಂದು, ವಿರೋಧ ಬಂದಾಗ ತಡೆಹಿಡಿಯಿತು. ಎಷ್ಟು ನಾಯಿ ಎಂಬುದಲ್ಲ, ಯಾರ ನಾಯಿ ಎಂಬುದು ಪ್ರಶ್ನೆ. ಗೋವಾದಲ್ಲಿ 2014ರಿಂದ ಊರೂರು ಸುತ್ತಿ ನಾಯಿಗಳಿಗೆ ಚುಚ್ಚುಮದ್ದು ಹಾಕಿದರು. 2021ರಲ್ಲಿ ಅಲ್ಲಿನ ಸರಕಾರ, ಹಿಂದಿನ ಮೂರು ವರ್ಷಗಳಲ್ಲಿ ರೇಬೀಸಿನಿಂದ ಒಬ್ಬರೂ ಸತ್ತಿಲ್ಲವೆಂದು ಹೇಳಿತು. ನೂರರಲ್ಲಿ 70 ನಾಯಿಗಳಿಗೆ ಚುಚ್ಚುಮದ್ದಾದರೆ ರೋಗ ಹಬ್ಬುವುದು ನಿಲ್ಲುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಒಮ್ಮೆ ಲಕ್ಷಣ ಕಾಣಿಸಿಕೊಂಡ ಮೇಲೆ ಮಾತ್ರ ಈ ರೋಗಕ್ಕೆ ಔಷಧಿಯೇ ಇಲ್ಲ.

ನಾಯಿಯ ವಿಷಯ ನಮಗೇಕೆ, ಸಾಕುವವರು ಬೇರೆಯವರು ಎಂದು ನಮ್ಮ ಜಮಾಅತಿನವರು ಹೇಳುವುದುಂಟು. ಮದುವೆಯ ಮರುದಿನ ಉಳಿದ ಬಿರಿಯಾನಿ ಎಲ್ಲಿಗೆ ಹೋಗುತ್ತದೆ? ಕತ್ತಲಾದ ಮೇಲೆ ರಸ್ತೆಯ ತಿರುವಿನಲ್ಲಿ ಕೋಳಿ ಅಂಗಡಿಯ ಪ್ಲಾಸ್ಟಿಕ್ ಚೀಲಗಳನ್ನು ಎಸೆಯುವವರಲ್ಲಿ ನಮ್ಮವರು ಇಲ್ಲವೇ? ಅದನ್ನು ತಿಂದು ಗುಂಪುಗಟ್ಟಿದ ನಾಯಿಗಳ ನಡುವೆಯೇ ನಸುಕಿನಲ್ಲಿ ನಮ್ಮ ಮಕ್ಕಳು ಮದ್ರಸಕ್ಕೆ ನಡೆಯುತ್ತಾರೆ. ನಾಯಿ ನೆಕ್ಕಿದ ಪಾತ್ರೆಯನ್ನು ಎಷ್ಟು ಸಲ ತೊಳೆಯಬೇಕು ಎಂಬುದರಲ್ಲಿ ಹನಫಿಗಳಾದ ನಮಗೂ ಶಾಫಿಗಳಾದ ನೆರೆಯ ಬ್ಯಾರಿಗಳಿಗೂ ಭಿನ್ನಾಭಿಪ್ರಾಯವಿದೆ, ಅದನ್ನು ಗಂಟೆಗಟ್ಟಲೆ ಚರ್ಚಿಸಬಲ್ಲೆವು. ಕಚ್ಚಿದ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಬೇಕೆಂಬುದು ಎಷ್ಟು ಮಂದಿಗೆ ಗೊತ್ತು? ಗಾಯಕ್ಕೆ ಸುಣ್ಣ ಮೆತ್ತಿ, ಮಂತ್ರಿಸಿದ ನೀರು ಕುಡಿಸಿ ಕೈತೊಳೆದುಕೊಳ್ಳುವವರು ಎಲ್ಲ ಜಾತಿ ಮತಗಳಲ್ಲೂ ಇದ್ದಾರೆ.

ಮಂಟೋನ 'ಟೇಟ್‌ವಾಲ್‌ನ ನಾಯಿ' ಕತೆ ಓದಿದವರಿಗೆ ನೆನಪಿರಬಹುದು. ಗಡಿಯ ಎರಡೂ ಬದಿಯ ಸೈನಿಕರು ಒಂದು ಬಡ ನಾಯಿಯ ಕೊರಳಿಗೆ ತಮ್ಮ ತಮ್ಮ ಹೆಸರುಪಟ್ಟಿ ಕಟ್ಟುತ್ತಾರೆ. ಕೊನೆಗೆ ಎರಡೂ ಕಡೆಯ ಗುಂಡಿಗೆ ಅದು ಸಾಯುತ್ತದೆ. ಅಲ್ಲಿ ಪಟ್ಟಿಯಿತ್ತು, ಹೊಣೆಯಿರಲಿಲ್ಲ. ನಮ್ಮಲ್ಲಿ ಪಟ್ಟಿಯೂ ಇಲ್ಲ.

ಸೆಪ್ಟೆಂಬರ್ 28 ವಿಶ್ವ ರೇಬೀಸ್ ದಿನ. ಆ ಸುಮಾರಿಗೆ ಪಶುಪಾಲನಾ ಇಲಾಖೆಯವರು ಪಂಚಾಯಿತಿಗಳಲ್ಲಿ ಉಚಿತ ಚುಚ್ಚುಮದ್ದಿನ ಶಿಬಿರ ನಡೆಸುತ್ತಾರೆ. ಕೊರಳಿಗೆ ಹಗ್ಗ ಬಿಗಿಯಲು ಒಪ್ಪದ ನಾಯಿಯನ್ನು ಮಗಳು ಬಿಸ್ಕೆಟು ತೋರಿಸಿ ನಡೆಸಿಕೊಂಡು ಬಂದಳು. ಪುಸ್ತಕ ಹಿಡಿದವರು ಮಾಲಿಕರ ಹೆಸರು ಕೇಳಿದರು. ಹೇಳಲು ನಮಗೆ ಸ್ವಲ್ಪ ಹೊತ್ತು ಬೇಕಾಯಿತು. ಸಾಲಿನಲ್ಲಿ ಹಿಂದೆ ನಿಂತಿದ್ದವರಲ್ಲಿ ಆ ಹುಡುಗನ ತಂದೆಯೂ ಇದ್ದರು.

ಹೆಸರು ಬರೆಸಿದ ಮೇಲೆ ಕಟ್ಟಬೇಕಲ್ಲ! ಮೊದಲ ರಾತ್ರಿ ಅದು ಬೆಳಗಿನವರೆಗೆ ಊಳಿಟ್ಟಿತು. ಬೆಕ್ಕನ್ನು ಕಟ್ಟಿಹಾಕಿ, ತಿನ್ನಲೂ ಕೊಡದೆ, ತಾನೇ ಹುಡುಕಿ ತಿನ್ನಲೂ ಬಿಡದೆ ಸಾಯಿಸಿದ ಹೆಂಗಸು ಶಿಕ್ಷೆಗೆ ಗುರಿಯಾದಳೆಂಬ ಹದೀಸನ್ನು ಅಮ್ಮ ಚಿಕ್ಕಂದಿನಲ್ಲಿ ಹೇಳಿದ್ದು ಆ ರಾತ್ರಿ ನೆನಪಾಯಿತು. ಕೃಷಿಗೆ, ಬೇಟೆಗೆ, ಮಂದೆಗೆ ನಾಯಿ ಇಟ್ಟುಕೊಳ್ಳಬಹುದೆಂದು ಅನುಮತಿ ಇದೆ. ಮರೆಯಲ್ಲಿ ಇಟ್ಟುಕೊಂಡು ಇಲ್ಲವೆನ್ನಲು ಅನುಮತಿಯಿದೆಯೆಂದು ನಾವು ಕೇಳಿಲ್ಲ. ಈಗ ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗುವ ಹೊತ್ತಿಗೆ ಕಟ್ಟುತ್ತೇವೆ. ರಾತ್ರಿ ತೋಟದೊಳಗೆ ಬಿಡುತ್ತೇವೆ. ಮೂರು ಬದಿಗೆ ಬೇಲಿಯಾಗಿದೆ. ತೋಡಿನ ಬದಿಯದು ಮಳೆಗೆ ಕುಸಿದದ್ದು ಹಾಗೆಯೇ ಇದೆ, ತಂತಿಗೆ ದುಡ್ಡು ಅಡಿಕೆ ಮಾರಿದ ಮೇಲೆ. ಅಲ್ಲಿಯವರೆಗೆ ಆ ಬದಿಯಲ್ಲಿ ಯಾರಾದರೊಬ್ಬರು ಟಾರ್ಚು ಹಿಡಿದು ಒಂದು ಸುತ್ತು ಹೋಗಿ ಬರುತ್ತೇವೆ.